ಟ್ರ್ಯಾಕ್‌ಗೆ ಇಳಿಯುವ ಮೊದಲು: ಟೈರ್‌ನ ವಯಸ್ಸು, ಗಾಳಿ, ಗಾಯಗಳನ್ನು ಓದುವ ಕ್ರಮ

ಚೆನ್ನೈ ಹತ್ತಿರದ ಇರುಂಗಾಟುಕೋಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್‌ನಲ್ಲಿ ಒಂದು ಭಾನುವಾರ, ಮೂರನೆಯ ಸೆಷನ್‌ನ ನಾಲ್ಕನೆಯ ಸುತ್ತಿನಲ್ಲಿ, ನನ್ನ ಹ್ಯಾಚ್‌ಬ್ಯಾಕ್ ಕಾರಿನ ಸೀಟು ಸಣ್ಣಗೆ ನಡುಗತೊಡಗಿತು. ನೇರ ಹಾದಿಯಲ್ಲಿ ವೇಗ ಏರಿದಂತೆ ನಡುಕವೂ ಏರುತ್ತಿತ್ತು, ತಿರುವಿಗೆ ಮುನ್ನ ವೇಗ ಇಳಿಸಿದಾಗ ಕಡಿಮೆಯಾಗುತ್ತಿತ್ತು. ಚಕ್ರದ ನಟ್ ಸಡಿಲಗೊಂಡಿರಬೇಕು ಎಂದುಕೊಂಡು, ಕೈ ಹೊರಗೆ ಚಾಚಿ ತೋರಿಸಿ, ನಿಧಾನವಾಗಿ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ವಾಹನ ನಿಲ್ಲಿಸಿ ನೋಡುವ ಜಾಗಕ್ಕೆ, ಬಂದೆ. ನಟ್‌ಗಳೆಲ್ಲ ಬಿಗಿಯಾಗಿಯೇ ಇದ್ದವು. ಜ್ಯಾಕ್ ಏರಿಸಿ ಎಡ ಹಿಂಬದಿಯ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿದರೆ, ನೆಲಕ್ಕೆ ತಾಗುವ ರಬ್ಬರ್ ಪಟ್ಟಿಯ, ಅಂದರೆ ಟ್ರೆಡ್‌ನ, ಗೇಣುದ್ದದ ಭಾಗ ಬಾಣಲೆಯ ಎಣ್ಣೆಯಲ್ಲಿನ ಪೂರಿಯಂತೆ ಉಬ್ಬಿ ನಿಂತಿತ್ತು. ಹೆಬ್ಬೆರಳಿನಿಂದ ಒತ್ತಿದಾಗ ಒಳಗೆ ಟೊಳ್ಳು ಎಂಬುದು ಗೊತ್ತಾಗುತ್ತಿತ್ತು.

ಆ ಟೈರ್ ಸವೆದದ್ದಾಗಿರಲಿಲ್ಲ. ಹಿಂದಿನ ದಿನ ಬೆಂಗಳೂರಿನಿಂದ ಹೊರಟು ವಾಲಾಜಾಪೇಟೆ ದಾಟುವಾಗ ಒಂದು ಚಕ್ರಕ್ಕೆ ಮೊಳೆ ಹೊಕ್ಕಿದ್ದರಿಂದ, ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನು ಹಾಕಿಕೊಂಡಿದ್ದೆ. ಅದರ ಟ್ರೆಡ್ ಅಂಗಡಿಯಿಂದ ಆಗತಾನೆ ತಂದಂತಿತ್ತು, ರಬ್ಬರ್‌ನ ಸಣ್ಣ ಮೀಸೆಗಳು ಕೂಡ ಹಾಗೆಯೇ ಉಳಿದಿದ್ದವು. ಟೈರ್‌ನ ಪಕ್ಕದ ಗೋಡೆಯಾದ ಸೈಡ್‌ವಾಲ್ ಮೇಲಿನ ಸಂಖ್ಯೆಯನ್ನು ಓದಿದ್ದು ಮಾತ್ರ ಟೈರ್ ಉಬ್ಬಿದ ಮೇಲೆ: 3112. ಅಂದರೆ 2012ನೆಯ ಇಸವಿಯ 31ನೆಯ ವಾರ. ಆ ಭಾನುವಾರಕ್ಕೆ ಅದಕ್ಕೆ ಒಂಬತ್ತು ವರ್ಷ ತುಂಬಿತ್ತು, ಆ ಒಂಬತ್ತು ವರ್ಷವನ್ನೂ ಅದು ಬಿಸಿಯೇರಿದ ಡಿಕ್ಕಿಯ ಕತ್ತಲೆಯಲ್ಲಿ ಕಳೆದಿತ್ತು.

ವೃತ್ತಿಪರ ತಂಡಗಳ ಟೈರ್ ಸವೆದು ಮುಗಿಯುತ್ತದೆ. ಹವ್ಯಾಸಿಗಳ ಟೈರ್ ಮುದಿಯಾಗಿ ಮುಗಿಯುತ್ತದೆ. ವರ್ಷಕ್ಕೆ ನಾಲ್ಕೈದು ಬಾರಿ ಮಾತ್ರ ಟ್ರ್ಯಾಕ್‌ಗೆ ಹೋಗುವವರ ಟೈರ್‌ನಲ್ಲಿ ಟ್ರೆಡ್ ಉಳಿದೇ ಇರುತ್ತದೆ, ಆ ಟ್ರೆಡ್ ನೋಡಿ ಮನಸ್ಸು ಮೋಸಹೋಗುತ್ತದೆ. ತಮ್ಮ ದಿನಬಳಕೆಯ ಕಾರನ್ನೋ ಬೈಕನ್ನೋ ಟ್ರ್ಯಾಕ್ ಡೇಗೆ ಅಥವಾ ಕ್ಲಬ್ ಮಟ್ಟದ ಸ್ಪರ್ಧೆಗೆ ಒಯ್ಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು, ಹೊರಡುವ ವಾರದಿಂದ ಮನೆಗೆ ಮರಳುವವರೆಗೆ ಟೈರ್ ವಿಷಯದಲ್ಲಿ ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ಬರೆದಿದ್ದೇನೆ.

ಮೊದಲ ಹಂತ: ಐದು ಟೈರ್‌ಗಳ ಹುಟ್ಟಿದ ವಾರವನ್ನು ಬರೆದುಕೊಳ್ಳುವುದು

ನಾಲ್ಕಲ್ಲ, ಐದು. ಸ್ಟೆಪ್ನಿಯೂ ಲೆಕ್ಕಕ್ಕೆ ಬರಬೇಕು. ಟೈರ್‌ನ ಸೈಡ್‌ವಾಲ್ ಮೇಲೆ ಡಿಒಟಿ (DOT) ಎಂಬ ಅಕ್ಷರಗಳಿಂದ ಆರಂಭವಾಗುವ ಒಂದು ಸಾಲು ಇರುತ್ತದೆ. ಅದರ ಕೊನೆಯಲ್ಲಿ, ಬಹುತೇಕ ಒಂದು ಉದ್ದುರುಟು ಚೌಕಟ್ಟಿನೊಳಗೆ, ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಈ ನಾಲ್ಕು ಅಂಕಿಗಳು ಅನೇಕ ವೇಳೆ ಟೈರ್‌ನ ಒಂದು ಬದಿಯಲ್ಲಿ ಮಾತ್ರ ಅಚ್ಚಾಗಿರುತ್ತವೆ, ಆ ಬದಿ ಕಾರಿನ ಒಳಮುಖವಾಗಿ ಕೂತಿದ್ದರೆ ಕೆಳಗೆ ಬಗ್ಗಿ ಮೊಬೈಲ್‌ನ ಟಾರ್ಚ್ ಬಿಟ್ಟು ನೋಡಬೇಕಾಗುತ್ತದೆ. ಮೂರೇ ಅಂಕಿಗಳು ಕಂಡರೆ ಅದು 2000ಕ್ಕಿಂತ ಹಿಂದಿನ ಟೈರ್. ಹಳೆಯ ಕಾರುಗಳ ಪ್ರೀತಿಯಿರುವವರ ಗ್ಯಾರೇಜಿನಲ್ಲಿ ಅಂಥವೂ ಕಾಣಸಿಗುವುದುಂಟು, ಅವು ಪ್ರದರ್ಶನಕ್ಕಷ್ಟೇ ಸರಿ.

ಹೊಸ ಟೈರ್ ಕೊಳ್ಳುವಾಗಲೂ ಈ ಸಂಖ್ಯೆಯನ್ನು ಬಿಲ್ ಮಾಡಿಸುವ ಮೊದಲೇ ಓದಬೇಕು. ರಿಯಾಯಿತಿ ದರದ ಟೈರ್ ಗೋದಾಮಿನಲ್ಲಿ ಎರಡು ಮೂರು ವರ್ಷ ಕೂತದ್ದಾಗಿರಬಹುದು. ಹಾಗೆ ಕೂತ ಟೈರ್ ಊರಿನೊಳಗಿನ ಓಡಾಟಕ್ಕೆ ನಡೆದೀತು, ಟ್ರ್ಯಾಕ್‌ಗಾಗಿಯೇ ಕೊಳ್ಳುವವರು ಮಾತ್ರ ಆರು ತಿಂಗಳೊಳಗಿನದನ್ನೇ ಕೇಳಿ ಪಡೆಯುವುದು ಒಳ್ಳೆಯದು. ಅದೇ ಸೈಡ್‌ವಾಲ್ ಮೇಲೆ ಅಳತೆಯ ಪಕ್ಕದಲ್ಲಿ ಭಾರದ ಸೂಚ್ಯಂಕ ಮತ್ತು ವೇಗದ ಅಕ್ಷರವಿರುತ್ತವೆ. ಉದಾಹರಣೆಗೆ 91 ಎಂದರೆ ಆ ಟೈರ್ 615 ಕಿಲೋ ಹೊರಬಲ್ಲದು. ಟಿ ಎಂದರೆ ಗಂಟೆಗೆ 190, ಎಚ್ ಎಂದರೆ 210, ವಿ ಎಂದರೆ 240 ಕಿಲೋಮೀಟರ್ ವೇಗದವರೆಗೆ ಒಪ್ಪಿತ. ಈ ಸಾಮರ್ಥ್ಯಗಳು ಸರಿಯಾದ ಗಾಳಿ ತುಂಬಿದ, ಗಾಯವಿಲ್ಲದ ಟೈರ್‌ಗೆ ಹೇಳಿದವು ಎಂಬುದನ್ನು ಮರೆಯುವಂತಿಲ್ಲ.

ಎರಡನೆಯ ಹಂತ: ವಯಸ್ಸಿನ ಮಿತಿಯನ್ನು ಮೊದಲೇ ನಿಶ್ಚಯಿಸುವುದು

ಟೈರ್ ಏಕೆ ಮುದಿಯಾಗುತ್ತದೆ ಎಂಬುದನ್ನು ತಿಳಿದರೆ ಮಿತಿ ಹಾಕಿಕೊಳ್ಳುವುದು ಸುಲಭವಾಗುತ್ತದೆ. ರಬ್ಬರ್‌ನೊಳಗೆ ಸೇರಿಸಿರುವ ಮೇಣದಂಥ ರಕ್ಷಕ ವಸ್ತುಗಳು ಟೈರ್ ಉರುಳಿ ಬಾಗಿದಾಗಲೆಲ್ಲ ಮೇಲ್ಮೈಗೆ ಜಿನುಗಿ, ಗಾಳಿಯ ಓಝೋನ್‌ನಿಂದ ಅದನ್ನು ಕಾಯುತ್ತವೆ. ನಿಂತೇ ಇರುವ ಟೈರ್‌ನಲ್ಲಿ ಈ ಜಿನುಗುವಿಕೆ ನಡೆಯುವುದಿಲ್ಲ. ಆದ್ದರಿಂದಲೇ ಓಡದೆ ನಿಂತ ಕಾರಿನ ಸೈಡ್‌ವಾಲ್ ಬೇಗ ಬಿರುಕುಬಿಡುತ್ತದೆ. ಇದು ಕಣ್ಣಿಗೆ ಕಾಣುವ ಮುಪ್ಪು. ಕಾಣದ ಮುಪ್ಪು ಇನ್ನೊಂದಿದೆ: ಒಳಗೆ ಒತ್ತಡದಲ್ಲಿರುವ ಗಾಳಿಯ ಆಮ್ಲಜನಕ ಒಳಪದರವನ್ನು ದಾಟಿ ನಿಧಾನವಾಗಿ ಹೊರಮುಖವಾಗಿ ಸಾಗುತ್ತಾ, ಟ್ರೆಡ್‌ನ ಅಡಿಯಲ್ಲಿರುವ ಉಕ್ಕಿನ ಬೆಲ್ಟ್‌ಗಳ ಅಂಚನ್ನು ಹಿಡಿದಿಟ್ಟಿರುವ ರಬ್ಬರನ್ನು ಗಡುಸಾಗಿಸಿ ಪೆಡಸುಗೊಳಿಸುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕಾಗುತ್ತದೆ. ನನ್ನ ಸ್ಟೆಪ್ನಿಯಲ್ಲಿ ಹೊರಗೆ ಒಂದು ಬಿರುಕೂ ಇರಲಿಲ್ಲ, ಒಳಗೆ ಬೆಲ್ಟ್ ಮತ್ತು ಟ್ರೆಡ್‌ನ ನಂಟು ಬಿಟ್ಟುಹೋಗಿತ್ತು.

ಮಿಶೆಲಿನ್, ಕಾಂಟಿನೆಂಟಲ್ ಮೊದಲಾದ ಕಂಪನಿಗಳು ತಯಾರಾದ ದಿನದಿಂದ ಹತ್ತು ವರ್ಷ ದಾಟಿದ ಟೈರನ್ನು, ನೋಡಲು ಎಷ್ಟೇ ಚೆನ್ನಾಗಿದ್ದರೂ, ಬದಲಿಸಬೇಕೆನ್ನುತ್ತವೆ. ಕೆಲವು ಕಾರು ತಯಾರಕರು ಆರೇ ವರ್ಷ ಎನ್ನುತ್ತಾರೆ. ಇದು ರಸ್ತೆಯ ಮಾತು. ಟ್ರ್ಯಾಕ್‌ಗೆ ನಾನು ಇಟ್ಟುಕೊಂಡಿರುವ ಮಿತಿ ಇನ್ನೂ ಬಿಗಿಯಾದದ್ದು: ಸಾಮಾನ್ಯ ರಸ್ತೆ ಟೈರ್ ಆದರೆ ಐದು ವರ್ಷ, ಮೆತ್ತನೆಯ ರಬ್ಬರ್‌ನ, ತೋಡುಗಳು ಕಡಿಮೆಯಿರುವ ಸೆಮಿ ಸ್ಲಿಕ್ ಆದರೆ ಮೂರು. ಇದು ನನ್ನ ನಿರ್ಣಯವೇ ಹೊರತು ನಿಯಮವಲ್ಲ. ಸೆಮಿ ಸ್ಲಿಕ್‌ಗಳ ಹಿಡಿತ ವರ್ಷಗಳ ಲೆಕ್ಕಕ್ಕಿಂತ ಬಿಸಿಯಾಗಿ ತಣಿದ ಸಲಗಳ ಲೆಕ್ಕದಲ್ಲಿ ಕುಗ್ಗುತ್ತದೆಯಾದ್ದರಿಂದ, ಪ್ರತಿ ಸೆಷನ್ನನ್ನೂ ಪುಸ್ತಕದಲ್ಲಿ ಗುರುತು ಹಾಕಬೇಕು. ಉಗುರಿನಿಂದ ಒತ್ತಿ ‘ಇನ್ನೂ ಮೆತ್ತಗಿದೆ’ ಎನ್ನುವ ಪರೀಕ್ಷೆಯಲ್ಲಿ ನನಗೆ ನಂಬಿಕೆಯಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲ ಟೈರ್‌ಗಳೂ ಮೆತ್ತಗೇ ಇರುತ್ತವೆ.

2013ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ನಟ ಪಾಲ್ ವಾಕರ್ ಪ್ರಯಾಣಿಸುತ್ತಿದ್ದ ಪೋರ್ಷೆ ಕರೆರಾ ಜಿಟಿ ಅಪಘಾತಕ್ಕೀಡಾದಾಗ, ತನಿಖಾಧಿಕಾರಿಗಳು ಮುಖ್ಯ ಕಾರಣವೆಂದು ಹೇಳಿದ್ದು ಅತಿವೇಗವನ್ನೇ. ಆದರೆ ಆ ಕಾರಿನ ಟೈರ್‌ಗಳಿಗೆ ಒಂಬತ್ತು ವರ್ಷವಾಗಿತ್ತು ಎಂಬುದೂ ಅವರ ವರದಿಯಲ್ಲಿತ್ತು. ಕಡಿಮೆ ಓಡಿದ, ಜೋಪಾನವಾಗಿ ನಿಲ್ಲಿಸಿಟ್ಟ ವೇಗದ ಕಾರುಗಳಲ್ಲಿಯೇ ಹೀಗಾಗುವ ಸಂಭವ ಹೆಚ್ಚು.

ಮೂರನೆಯ ಹಂತ: ಚಕ್ರ ಬಿಚ್ಚಿ ನೋಡುವುದು

ಹೊರಡುವ ಮೂರು ನಾಲ್ಕು ದಿನ ಮೊದಲೇ ಈ ಕೆಲಸವಾಗಬೇಕು, ಕೊನೆಯ ರಾತ್ರಿ ದೋಷ ಕಂಡರೆ ಅದನ್ನು ಸಣ್ಣದೆಂದು ತಳ್ಳಿಹಾಕುವ ಆಸೆಯಾಗುತ್ತದೆ. ಚಕ್ರ ಬಿಚ್ಚಿ, ಸೋಪುನೀರಿನಲ್ಲಿ ತೊಳೆದು, ಒಣಗಿದ ಮೇಲೆ ನೆಲದ ಮೇಲೆ ಮಲಗಿಸಿ ಎರಡೂ ಸೈಡ್‌ವಾಲ್‌ಗಳನ್ನು ನೋಡಬೇಕು. ಒಳಬದಿಯ ಸೈಡ್‌ವಾಲ್ ಯಾರ ಕಣ್ಣಿಗೂ ಬೀಳದ ಜಾಗ. ಗುಂಡಿಗೆ ಬಿದ್ದ ಏಟು, ಕರ್ಬ್ ಹತ್ತಿಸಿದ ಏಟು ಬಹುಪಾಲು ಅಲ್ಲಿಯೇ ಗುರುತು ಬಿಟ್ಟಿರುತ್ತದೆ. ದಪ್ಪ ಕೈಗವಸು ಹಾಕಿಕೊಂಡು ಟ್ರೆಡ್ ಮೇಲೂ ಬದಿಗಳ ಮೇಲೂ ಕೈಯಾಡಿಸಬೇಕು. ಬರಿಗೈಯಾದರೆ ಹೊರಗೆ ಇಣುಕಿದ ಉಕ್ಕಿನ ಎಳೆ ಸೂಜಿಯಂತೆ ಚುಚ್ಚುತ್ತದೆ.

ಸೈಡ್‌ವಾಲ್‌ನಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಂಡರೂ ಒಳಗಿನ ನೂಲುಗಳು ತುಂಡಾಗಿವೆ ಎಂದರ್ಥ, ಅದಕ್ಕೆ ರಿಪೇರಿಯಿಲ್ಲ. ಟ್ರೆಡ್‌ನ ತೋಡುಗಳನ್ನು ಬೆರಳಿನಿಂದ ಅಗಲಿಸಿದಾಗ ತಳದಲ್ಲಿ ಉದ್ದುದ್ದ ಬಿರುಕು ಕಂಡರೆ ಅದೂ ಹೊರಗೆ. ಸೈಡ್‌ವಾಲ್ ಮೇಲಿನ ಕೂದಲೆಳೆಯಂಥ ಮೇಲ್ಮೈ ಗೆರೆಗಳು ಒಂದೆರಡಿದ್ದರೆ ರಸ್ತೆಗೆ ಸಾಗೀತು, ಟ್ರ್ಯಾಕ್‌ಗೆ ಬೇಡ. ಪಂಕ್ಚರ್ ಅಂಗಡಿಯಲ್ಲಿ ಹೊರಗಿನಿಂದ ದಾರದಂಥ ಸ್ಟ್ರಿಪ್ ತುರುಕಿಸಿಕೊಂಡ ಟೈರ್ ಟ್ರ್ಯಾಕ್‌ಗೆ ಸಲ್ಲದು, ಒಳಗಿನಿಂದ ಅಣಬೆ ಪ್ಯಾಚ್ ಹಾಕಿಸಿದ್ದನ್ನೂ ನಾನು ಒಯ್ಯುವುದಿಲ್ಲ. ರಿಸೋಲ್ ಮಾಡಿದ, ಅಂದರೆ ಸವೆದ ಟೈರ್ ಮೇಲೆ ಹೊಸ ಟ್ರೆಡ್ ಕೂರಿಸಿದ, ಟೈರ್‌ಗಳ ಮಾತಂತೂ ಎತ್ತುವಂತೆಯೇ ಇಲ್ಲ.

ವಾಲ್ವ್‌ಗೆ ಯಾರೂ ಬೆಲೆ ಕೊಡುವುದಿಲ್ಲ. ರಬ್ಬರ್ ವಾಲ್ವ್‌ನ ಬುಡವನ್ನು ಬಗ್ಗಿಸಿ ನೋಡಿ. ಬಿರುಕಿದ್ದರೆ ಹೊಸ ಟೈರ್‌ನ ಜೊತೆಗೇ ಅದನ್ನೂ ಬದಲಿಸಬೇಕಿತ್ತು ಎಂದರ್ಥ. ಚಕ್ರ ಜೋರಾಗಿ ತಿರುಗುವಾಗ ವಾಲ್ವ್‌ನೊಳಗಿನ ಪಿನ್ ಹೊರಮುಖ ಬಲಕ್ಕೆ ಸಿಕ್ಕಿ ತೆರೆಯುವ ಕಡೆಗೇ ತಳ್ಳಲ್ಪಡುತ್ತದೆಯಾದ್ದರಿಂದ, ಒಳಗೆ ರಬ್ಬರ್ ವಾಷರ್ ಇರುವ ಲೋಹದ ಮುಚ್ಚಳ ಹಾಕುವುದು ಅಲಂಕಾರಕ್ಕಲ್ಲ. ಬೈಕ್ ಸವಾರರು ಇದನ್ನು ಇನ್ನಷ್ಟು ಗಮನಿಸಬೇಕು. ಬೆಂಗಳೂರಿನಿಂದ ಓಡಿಸಿಕೊಂಡೇ ಹೋಗುವ ಬೈಕ್‌ನ ಹಿಂದಿನ ಟೈರ್ ಹೆದ್ದಾರಿಯಲ್ಲಿ ನಡುವೆ ಚಪ್ಪಟೆಯಾಗಿ, ಅಂಚುಗಳಲ್ಲಿ ಬಳಸದ ಹಳೆಯ ರಬ್ಬರ್ ಹಾಗೆಯೇ ಉಳಿದಿರುತ್ತದೆ; ಟ್ರ್ಯಾಕ್‌ನಲ್ಲಿ ವಾಲಿದಾಗ ನೆಲಕ್ಕೆ ತಾಗುವುದು ಆ ಅಂಚೇ.

ಮರಳಿ ಜೋಡಿಸುವಾಗ ತಿರುಗುವ ದಿಕ್ಕಿನ ಬಾಣದ ಗುರುತನ್ನೂ, ಒಳ ಹೊರ ಬದಿ ಸೂಚಿಸುವ ಬರಹವನ್ನೂ ಎರಡು ಸಲ ಓದಬೇಕು.

ನಾಲ್ಕನೆಯ ಹಂತ: ತಣ್ಣಗಿನ ಗಾಳಿಯನ್ನು ಟ್ರ್ಯಾಕ್‌ನಲ್ಲಿಯೇ ಅಳೆಯುವುದು

ಒಳ್ಳೆಯ ಗೇಜ್ ಒಂದನ್ನು ಕೊಂಡು, ಅದನ್ನು ಮಾತ್ರ ಬಳಸಬೇಕು. ಪೆಟ್ರೋಲ್ ಬಂಕ್‌ಗಳ ಗೇಜ್‌ಗಳು ಒಂದಕ್ಕೊಂದು ಎರಡು ಮೂರು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ವ್ಯತ್ಯಾಸ ತೋರಿಸುವುದು ಎಲ್ಲರ ಅನುಭವ. ನಿಮ್ಮ ಗೇಜ್ ಅರ್ಧ ಪಿಎಸ್‌ಐ ತಪ್ಪು ತೋರಿಸಿದರೂ ಚಿಂತೆಯಿಲ್ಲ. ಪ್ರತಿ ಸಲವೂ ಅಷ್ಟೇ ತಪ್ಪು ತೋರಿಸಿದರೆ ಸಾಕು.

ಬೆಂಗಳೂರಿನಿಂದ ಹೊರಡುವವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಗೇಜ್ ತೋರಿಸುವುದು ಟೈರ್ ಒಳಗಿನ ಒತ್ತಡ ಹೊರಗಿನ ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ವಾತಾವರಣದ ಒತ್ತಡ ಸುಮಾರು 13.2 ಪಿಎಸ್‌ಐ, ಕಡಲ ಮಟ್ಟಕ್ಕೆ ಹತ್ತಿರದ ಚೆನ್ನೈಯಲ್ಲಿ ಸುಮಾರು 14.7. ಆದ್ದರಿಂದ ಬೆಂಗಳೂರಿನಲ್ಲಿ 32ಕ್ಕೆ ತುಂಬಿಸಿದ ಟೈರ್, ಉಷ್ಣಾಂಶ ಬದಲಾಗದಿದ್ದರೆ, ಇರುಂಗಾಟುಕೋಟೈನಲ್ಲಿ ಸುಮಾರು 30.5 ತೋರಿಸುತ್ತದೆ. ಬೆಂಗಳೂರಿನ ಬೆಳಗಿನ 22 ಡಿಗ್ರಿಯಿಂದ ಚೆನ್ನೈಯ 32 ಡಿಗ್ರಿಗೆ ಹೋದಾಗ ಬಿಸಿಯಿಂದಾಗಿ ಕಳೆದುಕೊಂಡ ಒಂದೂವರೆ ಪಿಎಸ್‌ಐ ಬಹುತೇಕ ಮರಳಿ ಬರುತ್ತದೆ. ಗೇಜ್ 32ನ್ನೇ ತೋರಿಸಿದಾಗ ‘ಏನೂ ಬದಲಾಗಿಲ್ಲ’ ಎಂದುಕೊಳ್ಳುತ್ತೇವೆ. ನಿಜಕ್ಕೂ ಎರಡು ಬದಲಾವಣೆಗಳು ಒಂದನ್ನೊಂದು ಹೊಡೆದುಹಾಕಿವೆ. ಇದೇ ಕಾರು ಬೆಂಗಳೂರಿಗಿಂತ ಅಷ್ಟೇನೂ ಬಿಸಿಯಲ್ಲದ, ಸುಮಾರು 400 ಮೀಟರ್ ಎತ್ತರದ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋದರೆ ಲೆಕ್ಕವೇ ಬೇರೆ. ಆದ್ದರಿಂದ ಮನೆಯಲ್ಲಿ ತುಂಬಿಸಿದ್ದನ್ನು ನೆಚ್ಚದೆ, ಟ್ರ್ಯಾಕ್ ತಲುಪಿ ಕನಿಷ್ಠ ಎರಡು ಮೂರು ಗಂಟೆ ನೆರಳಿನಲ್ಲಿ ನಿಂತ ಟೈರನ್ನು, ಸಾಧ್ಯವಾದರೆ ಬೆಳಗ್ಗೆ ಬಿಸಿಲು ಏರುವ ಮುನ್ನ, ಅಳೆಯಬೇಕು. ಒಂದು ಬದಿಗೆ ಬಿಸಿಲು ಬಿದ್ದಿದ್ದರೆ ಆ ಬದಿಯ ಟೈರ್ ಹೆಚ್ಚು ತೋರಿಸುವುದು ಸಹಜ.

ಮೊದಲ ಸಲದವರು ಚಾಲಕನ ಬಾಗಿಲಿನ ಕಂಬದ ಮೇಲಿರುವ ಚೀಟಿಯಲ್ಲಿ ಕಾರು ತಯಾರಕರು ಹೇಳಿರುವ ಗಾಳಿಯಿಂದಲೇ ಆರಂಭಿಸಲಿ. ವಾಹನಗಳನ್ನು ಸಿದ್ಧಪಡಿಸುವ ಅಂಗಳವಾದ ಪ್ಯಾಡಕ್‌ನಲ್ಲಿ ಪಕ್ಕದ ಕಾರಿನವರು ‘ನಾವು 26ಕ್ಕೆ ಇಳಿಸಿದ್ದೇವೆ’ ಎಂದರೆ ಅದನ್ನು ಕೇಳಿ ಸುಮ್ಮನಿರಬೇಕು. ಅವರ ಟೈರ್ ಬೇರೆ, ಸೈಡ್‌ವಾಲ್‌ನ ಗಡಸುತನ ಬೇರೆ, ಕಾರಿನ ತೂಕ ಬೇರೆ. ಬೈಕ್‌ಗಳಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಟ್ರ್ಯಾಕ್ ಟೈರ್ ತಯಾರಕರು ಪ್ರತಿ ಮಾದರಿಗೂ ಬೇರೆಯೇ ಒತ್ತಡ ಸೂಚಿಸುತ್ತಾರೆ, ಅದನ್ನೇ ಅನುಸರಿಸಬೇಕು.

ನೈಟ್ರೋಜನ್ ತುಂಬಿಸಬೇಕೇ ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78ರಷ್ಟು ನೈಟ್ರೋಜನ್ ಇದೆ. ಬಿಸಿಗೆ ಹಿಗ್ಗುವುದರಲ್ಲಿ ಒಣಗಾಳಿಗೂ ಅದಕ್ಕೂ ಗಣನೀಯ ಭೇದವಿಲ್ಲ. ಭೇದ ತರುವುದು ತೇವ. ನೀರು ಬಸಿಯದ ಕಂಪ್ರೆಸರ್‌ನಿಂದ ತುಂಬಿದ ಗಾಳಿಯೊಂದಿಗೆ ಹನಿ ನೀರು ಒಳಗೆ ಹೋದರೆ, ಬಿಸಿಯಲ್ಲಿ ಅದು ಆವಿಯಾಗಿ ಒತ್ತಡ ನಿರೀಕ್ಷೆಗಿಂತ ಹೆಚ್ಚು ಏರುತ್ತದೆ. ಒಣ ಗಾಳಿ ಸಿಕ್ಕರೆ ಅಷ್ಟೇ ಸಾಕು.

ಐದನೆಯ ಹಂತ: ಬಿಸಿ ಗಾಳಿಯನ್ನು ಅಳೆದು ಇಳಿಸುವುದು

ಮೊದಲ ಸೆಷನ್‌ನ ಮೊದಲ ಎರಡು ಸುತ್ತು ಟೈರ್ ಕಾಯಿಸುವುದಕ್ಕಷ್ಟೇ ಮೀಸಲು. ಆಮೇಲೆ ಮೂರು ನಾಲ್ಕು ಸುತ್ತು ನಿಮ್ಮ ವೇಗದಲ್ಲಿ ಓಡಿಸಿ ಪಿಟ್‌ಗೆ ಬನ್ನಿ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರ್‌ನಲ್ಲಿ ನಿಲ್ಲಿಸಿ, ಕೆಳಗಿಳಿದು ಒಡನೆಯೇ ಅಳೆಯಿರಿ. ನಿಮಿಷಗಳು ಕಳೆದಂತೆ ಓದು ಇಳಿಯುತ್ತಾ ಹೋಗುತ್ತದೆ. ಪ್ರತಿ ಸಲವೂ ಒಂದೇ ಚಕ್ರದಿಂದ ಆರಂಭಿಸಿ ಒಂದೇ ಕ್ರಮದಲ್ಲಿ ಅಳೆದರೆ ಹೋಲಿಕೆ ಸಾಧ್ಯ.

ಲೆಕ್ಕ ಹೀಗೆ ನಡೆಯುತ್ತದೆ. 30 ಡಿಗ್ರಿಯಲ್ಲಿ 32 ಪಿಎಸ್‌ಐ ಇದ್ದ ಟೈರ್‌ನ ಒಳಗಿನ ಗಾಳಿ 80 ಡಿಗ್ರಿಗೆ ಬಿಸಿಯಾದರೆ ಒತ್ತಡ ಸುಮಾರು 39.7ಕ್ಕೆ ಏರುತ್ತದೆ. ಅಂದರೆ ಸ್ಥೂಲವಾಗಿ ಆರೂವರೆ ಡಿಗ್ರಿಗೆ ಒಂದು ಪಿಎಸ್‌ಐ. ಸಾಮಾನ್ಯ ರಸ್ತೆ ಟೈರ್ ಹಾಕಿದ, ಟನ್ನಿಗೆ ಆಸುಪಾಸಿನ ತೂಕದ ಹ್ಯಾಚ್‌ಬ್ಯಾಕ್‌ಗೆ 40 ಹೆಚ್ಚಾಯಿತು: ಟೈರ್ ನಡುವೆ ಉಬ್ಬಿ, ನೆಲಕ್ಕೆ ತಾಗುವ ಭಾಗ ಕಿರಿದಾಗಿ, ಕಾರು ಜಾರುತ್ತದೆ. ನಾನು ಬಿಸಿಯಲ್ಲಿ 35ರಿಂದ 37ರ ನಡುವೆ ನಿಲ್ಲಿಸುತ್ತೇನೆ. ಒಂದೇ ಸಲಕ್ಕೆ ಎರಡು ಪಿಎಸ್‌ಐಗಿಂತ ಹೆಚ್ಚು ಇಳಿಸದೆ, ಇನ್ನೊಂದು ಸೆಷನ್ ಓಡಿಸಿ ಮತ್ತೆ ಅಳೆಯುತ್ತೇನೆ.

ಬಲತಿರುವುಗಳು ಹೆಚ್ಚಿರುವ ಟ್ರ್ಯಾಕ್‌ನಲ್ಲಿ ಎಡಬದಿಯ ಟೈರ್‌ಗಳೂ, ಮುಂಚಕ್ರ ಚಾಲನೆಯ ಕಾರಿನಲ್ಲಿ ಮುಂದಿನ ಟೈರ್‌ಗಳೂ ಹೆಚ್ಚು ಕಾಯುತ್ತವೆ. ಬಿಸಿಯಲ್ಲಿ ನಾಲ್ಕೂ ಒಂದೇ ಓದು ತೋರಿಸುವಂತೆ ಇಳಿಸಿದರೆ, ತಣ್ಣಗಾದಾಗ ನಾಲ್ಕೂ ಬೇರೆ ಬೇರೆ ತೋರಿಸುತ್ತವೆ. ಇದು ತಪ್ಪಲ್ಲ, ಆದರೆ ಬರೆದಿಟ್ಟುಕೊಳ್ಳದಿದ್ದರೆ ಮರುದಿನ ಬೆಳಗ್ಗೆ ‘ಒಂದು ಟೈರ್‌ನಲ್ಲಿ ಗಾಳಿ ಸೋರುತ್ತಿದೆ’ ಎಂಬ ಗಾಬರಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ನಿಜವಾಗಿ ಸೋರುತ್ತಿರುವ ಟೈರನ್ನು ‘ನಿನ್ನೆ ಇಳಿಸಿದ್ದೆವಲ್ಲ’ ಎಂದು ಬಿಟ್ಟುಬಿಡುವುದು.

ಆರನೆಯ ಹಂತ: ರಬ್ಬರ್ ಹೇಳುವುದನ್ನು ಗೇಜ್‌ನೊಂದಿಗೆ ಹೋಲಿಸುವುದು

ಸೆಷನ್‌ಗೆ ಮೊದಲು ಬಿಳಿ ಶೂ ಪಾಲಿಶನ್ನು ಟ್ರೆಡ್‌ನ ಅಂಚಿನಿಂದ ಸೈಡ್‌ವಾಲ್ ಕಡೆಗೆ, ಮೂರು ಜಾಗಗಳಲ್ಲಿ, ಎರಡು ಬೆರಳಗಲದ ಪಟ್ಟಿಯಾಗಿ ಬಳಿಯಿರಿ. ಪಿಟ್‌ಗೆ ಬಂದಾಗ ಬಿಳಿ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರ್ ನೆಲಕ್ಕೆ ಮಗುಚಿದೆ ಎಂದರ್ಥ. ಅನೇಕ ಟೈರ್‌ಗಳ ಭುಜದ ಮೇಲೆ ಸಣ್ಣ ತ್ರಿಕೋನದ ಗುರುತಿರುತ್ತದೆ. ಅಳಿಸಿದ ಗೆರೆ ಅದರ ತುದಿಯ ಹತ್ತಿರ ನಿಂತರೆ ಹಿತ. ಅದನ್ನು ದಾಟಿ ಸೈಡ್‌ವಾಲ್ ಮೇಲಿನ ಅಕ್ಷರಗಳಿಗೆ ಉಜ್ಜಿದ್ದರೆ ಗಾಳಿ ಕಡಿಮೆಯಾಗಿದೆ.

ಸೂಜಿ ಚುಚ್ಚಿ ಅಳೆಯುವ ಪೈರೋಮೀಟರ್ ಇದ್ದರೆ ಟ್ರೆಡ್‌ನ ಒಳ ಅಂಚು, ನಡು, ಹೊರ ಅಂಚಿನ ಉಷ್ಣಾಂಶ ತೆಗೆಯಿರಿ. ನಡು ಹೆಚ್ಚು ಬಿಸಿಯಾಗಿದ್ದರೆ ಗಾಳಿ ಹೆಚ್ಚು. ಎರಡೂ ಅಂಚು ಹೆಚ್ಚು ಬಿಸಿಯಾಗಿದ್ದರೆ ಕಡಿಮೆ. ಹೊರ ಅಂಚು ಮಾತ್ರ ಸುಡುತ್ತಿದ್ದರೆ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವ ಕೋನ, ಸಾಲದು, ಮಾರ್ಪಾಡು ಮಾಡದ ರಸ್ತೆ ಕಾರುಗಳಲ್ಲಿ ಇದೇ ಸಾಮಾನ್ಯ. ಅದನ್ನು ಗಾಳಿಯಿಂದ ಸರಿಪಡಿಸಲು ಹೋಗಬಾರದು. ದೂರದಿಂದ ಬೆಳಕು ಬಿಟ್ಟು ಅಳೆಯುವ ಅಗ್ಗದ ಉಪಕರಣ ಮೇಲ್ಮೈಯನ್ನಷ್ಟೇ ಓದುತ್ತದೆ, ಮೇಲ್ಮೈ ಪಿಟ್‌ಗೆ ಬರುವಷ್ಟರಲ್ಲಿ ತಣಿದಿರುತ್ತದೆ. ಟ್ರೆಡ್‌ನಿಂದ ತುಣುಕುಗಳು ಕಿತ್ತುಬಂದಿದ್ದರೆ, ಅಥವಾ ಗುಳ್ಳೆಗಳೆದ್ದು ಒಡೆದ ಕುಳಿಗಳಿದ್ದರೆ, ಆ ಟೈರ್ ತಾಳುವ ಬಿಸಿಯನ್ನು ಮೀರಿದ್ದೀರಿ. ಆ ದಿನಕ್ಕೆ ಅದರ ಕೆಲಸ ಮುಗಿಯಿತು.

ಗಾಳಿ ಕಡಿಮೆಯಾದರೆ ಏನಾಗುತ್ತದೆ

ಜಾಸ್ತಿ ಗಾಳಿ ಕಾರನ್ನು ಜಾರಿಸುತ್ತದೆ, ಕಡಿಮೆ ಗಾಳಿ ಟೈರನ್ನು ಒಡೆಯುತ್ತದೆ. ಎರಡರಲ್ಲಿ ನಾನು ಹೆದರುವುದು ಎರಡನೆಯದಕ್ಕೆ. ಗಾಳಿ ಕಡಿಮೆಯಾದ ಟೈರ್ ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಒಳಗೆ ಬಿಸಿ ಹುಟ್ಟುತ್ತದೆ. ವೇಗ ಇನ್ನೂ ಹೆಚ್ಚಿದಾಗ, ನೆಲ ಬಿಟ್ಟ ಭಾಗ ತನ್ನ ದುಂಡು ಆಕಾರಕ್ಕೆ ಮರಳುವಷ್ಟರಲ್ಲಿ ಮತ್ತೆ ನೆಲಕ್ಕೆ ಬರುವುದರಿಂದ, ಟೈರ್‌ನ ಹಿಂಬದಿಯಲ್ಲಿ ನಿಂತ ಅಲೆಗಳು ಏಳುತ್ತವೆ. ಆ ಸ್ಥಿತಿಯಲ್ಲಿ ಬಿಸಿ ಏರುವುದು ನಿಮಿಷಗಳ ಲೆಕ್ಕದಲ್ಲಿ. ಬೆಲ್ಟ್‌ನ ಅಂಚಿನ ರಬ್ಬರ್ ಮೊದಲೇ ಮುಪ್ಪಿನಿಂದ ಪೆಡಸಾಗಿದ್ದರೆ ಸೀಳು ಅಲ್ಲಿಂದ ಆರಂಭವಾಗುತ್ತದೆ.

ಅಮೆರಿಕದಲ್ಲಿ 2000ದ ಆಗಸ್ಟ್‌ನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರ್‌ಗಳನ್ನು ಹಿಂದಕ್ಕೆ ಕರೆಸಿಕೊಂಡ ಪ್ರಕರಣದಲ್ಲಿ ಟ್ರೆಡ್ ಕಳಚಿಬಿದ್ದ ಘಟನೆಗಳು ಅರಿಝೋನಾ, ಟೆಕ್ಸಸ್, ಫ್ಲೋರಿಡಾದಂಥ ಬಿಸಿ ರಾಜ್ಯಗಳಲ್ಲೇ ಹೆಚ್ಚಾಗಿದ್ದವು. ಆ ಟೈರ್‌ಗಳಿದ್ದ ಎಕ್ಸ್‌ಪ್ಲೋರರ್ ವಾಹನಕ್ಕೆ ಫೋರ್ಡ್ 26 ಪಿಎಸ್‌ಐ ಸೂಚಿಸಿತ್ತು, ಟೈರ್ ಕಂಪನಿ ಆಮೇಲೆ 30 ಇರಲಿ ಎಂದಿತು. ತಯಾರಿಕೆಯ ದೋಷದ ಕುರಿತ ವಾದವಿವಾದಗಳು ಏನೇ ಇರಲಿ, ನಾಲ್ಕು ಪಿಎಸ್‌ಐ ಬಗ್ಗೆ ಎರಡು ದೊಡ್ಡ ಕಂಪನಿಗಳು ಜಗಳವಾಡಬೇಕಾಯಿತು. ಪ್ಯಾಡಕ್‌ನಲ್ಲಿ ನಾವು ಆ ನಾಲ್ಕನ್ನು ಉಸ್ಸೆಂದು ಬಿಟ್ಟುಬಿಡುತ್ತೇವೆ.

ರೇಸಿಂಗ್‌ನ ಮೇಲ್ತುದಿಯಲ್ಲೂ ಕಥೆ ಬೇರೆಯಲ್ಲ. 2013ರ ಸಿಲ್ವರ್‌ಸ್ಟೋನ್ ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ ಹ್ಯಾಮಿಲ್ಟನ್, ಮಸ್ಸಾ, ವರ್ನ್, ಪೆರೆಝ್ ಅವರ ಟೈರ್‌ಗಳು ಒಂದರ ಹಿಂದೊಂದು ಸಿಡಿದಾಗ, ಪಿರೆಲ್ಲಿ ಕಂಪನಿ ಪಟ್ಟಿ ಮಾಡಿದ ಕಾರಣಗಳೆಂದರೆ ಹಿಂಬದಿಯ ಟೈರ್‌ಗಳನ್ನು ಎಡ ಬಲ ಅದಲುಬದಲು ಮಾಡಿ ಜೋಡಿಸಿದ್ದು, ಅತಿ ಕಡಿಮೆ ಗಾಳಿ, ಅತಿಯಾದ ಕ್ಯಾಂಬರ್ ಮತ್ತು ವೇಗದ ತಿರುವಿನ ಒರಟು ಕರ್ಬ್. ಈ ನಾಲ್ಕನ್ನೂ ಹವ್ಯಾಸಿಯೊಬ್ಬ ಒಂದೇ ಭಾನುವಾರ ಮಾಡಬಲ್ಲ. 2021ರಲ್ಲಿ ಬಾಕುವಿನಲ್ಲಿ ಸ್ಟ್ರೋಲ್ ಮತ್ತು ವರ್ಸ್ಟಾಪೆನ್ ಅವರ ಎಡ ಹಿಂಬದಿಯ ಟೈರ್ ಒಳ ಸೈಡ್‌ವಾಲ್‌ನಲ್ಲಿ ಹರಿದಾಗ, ಸೂಚಿಸಿದ ಆರಂಭಿಕ ಒತ್ತಡವನ್ನು ತಂಡಗಳು ಪಾಲಿಸಿದ್ದವು. ಓಡುವಾಗಿನ ಸ್ಥಿತಿಯಲ್ಲಿ ಸಮಸ್ಯೆಯಿತ್ತು. ಹೊರಡುವಾಗಿನ ಓದು ಒಂದು, ಓಡುವಾಗಿನ ಓದು ಇನ್ನೊಂದು.

ಏಳನೆಯ ಹಂತ: ಟೈರ್ ಕೈಕೊಟ್ಟಾಗ

ಬಹುಪಾಲು ಟೈರ್‌ಗಳು ಮುನ್ಸೂಚನೆ ಕೊಟ್ಟೇ ಒಡೆಯುತ್ತವೆ. ವೇಗದೊಂದಿಗೆ ಏರುವ ನಡುಕ, ದಬದಬ ಸದ್ದು, ಒಂದು ಬದಿಗೆ ಎಳೆತ, ಇದ್ದಕ್ಕಿದ್ದಂತೆ ಹಿಂಭಾಗ ತೇಲಿದ ಅನುಭವ: ಇವುಗಳಲ್ಲಿ ಯಾವುದಾದರೂ ಬಂದರೆ ‘ಇನ್ನೊಂದೇ ಸುತ್ತು’ ಎನ್ನದೆ ಆ ಸುತ್ತಿನಲ್ಲೇ ಒಳಗೆ ಬರಬೇಕು. ಕಪ್ಪು ಬಾವುಟದ ನಡುವೆ ಕಿತ್ತಳೆ ಬಣ್ಣದ ವೃತ್ತ ಕಂಡರೆ ನಿಮ್ಮ ವಾಹನದಲ್ಲಿ ದೋಷವಿದೆ ಎಂಬುದನ್ನು ಟ್ರ್ಯಾಕ್‌ನ ಸುರಕ್ಷತೆ ಕಾಯುವ ಮಾರ್ಷಲ್‌ಗಳು ನೋಡಿದ್ದಾರೆ; ನಿಮಗೆ ಗೊತ್ತಾಗದ್ದು ಅವರಿಗೆ ಕಂಡಿದೆ.

ಒಡೆದೇಬಿಟ್ಟರೆ, ಸ್ಟೀರಿಂಗನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕಾರನ್ನು ನೇರವಾಗಿಟ್ಟುಕೊಳ್ಳಿ. ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರನ್ನು ಒಮ್ಮೆಗೇ ಬಿಡದೆ ಮೆಲ್ಲಗೆ ಬಿಡಿ. ಮುಂದಿನ ಟೈರ್ ಹೋದರೆ ಕಾರು ಎಳೆಯುತ್ತದೆ, ಹಿಂದಿನದು ಹೋದರೆ ತಿರುಗಿ ನಿಲ್ಲಲು ನೋಡುತ್ತದೆ, ಹಠಾತ್ ಬ್ರೇಕ್ ಅದಕ್ಕೆ ನೆರವಾಗುತ್ತದೆ. ವೇಗ ತಾನಾಗಿ ಇಳಿದ ಮೇಲೆ, ಕೈ ಹೊರಗೆ ಚಾಚಿ ಸೂಚಿಸಿ, ಎಲ್ಲರೂ ವೇಗವಾಗಿ ಸಾಗುವ ಹಾದಿಯಾದ ರೇಸಿಂಗ್ ಲೈನ್‌ನಿಂದ ಹೊರಗೆ, ಮಾರ್ಷಲ್ ಪೋಸ್ಟ್‌ಗೆ ಹತ್ತಿರ ನಿಲ್ಲಿಸಬೇಕು. ಹರಿದ ಟೈರನ್ನು ಪಿಟ್‌ವರೆಗೆ ಎಳೆದೊಯ್ಯುವ ಹಟ ಬೇಡ, ಉದುರುವ ಉಕ್ಕಿನ ತಂತಿಯ ಚೂರುಗಳು ಹಿಂದೆ ಬರುವ ಬೈಕ್‌ಗೆ ಅಪಾಯ. ಮಾರ್ಷಲ್ ಹೇಳುವವರೆಗೆ ಸೀಟ್ ಬೆಲ್ಟ್ ಬಿಚ್ಚಬಾರದು, ಬೆಂಕಿ ಹತ್ತಿದ್ದರೆ ಮಾತ್ರ ಬೇರೆ.

ಎಂಟನೆಯ ಹಂತ: ಮನೆದಾರಿಗೆ ಮತ್ತೆ ಗಾಳಿ ತುಂಬುವುದು

ಇಡೀ ಲೇಖನದಲ್ಲಿ ಒಂದೇ ಹಂತವನ್ನು ಪಾಲಿಸುತ್ತೇನೆ ಎನ್ನುವವರಿದ್ದರೆ, ಅವರು ಇದನ್ನು ಪಾಲಿಸಲಿ. ಮೇಲಿನ ಲೆಕ್ಕವನ್ನೇ ಮುಂದುವರಿಸೋಣ: 80 ಡಿಗ್ರಿಯಲ್ಲಿ 39.7 ಇದ್ದುದನ್ನು 35ಕ್ಕೆ ಇಳಿಸಿದಿರಿ. ಸಂಜೆ ಟೈರ್ ಮತ್ತೆ 30 ಡಿಗ್ರಿಗೆ ತಣ್ಣಗಾದಾಗ ಅದರಲ್ಲಿ ಉಳಿಯುವುದು 28 ಮಾತ್ರ. ಬೆಳಗ್ಗೆ ಇದ್ದ 32ರಲ್ಲಿ ನಾಲ್ಕು ಹೋಯಿತು. ಡಿಕ್ಕಿಯಲ್ಲಿ ಹೆಲ್ಮೆಟ್ಟು, ಉಪಕರಣ, ಬಿಡಿ ಚಕ್ರ, ಹಿಂದಿನ ಸೀಟಿನಲ್ಲಿ ಇಬ್ಬರು ಗೆಳೆಯರು, ಸುಮಾರು 300 ಕಿಲೋಮೀಟರ್ ಹೆದ್ದಾರಿ, ಕತ್ತಲು, ದಣಿದ ಚಾಲಕ. ಟ್ರ್ಯಾಕ್‌ನಲ್ಲಿ ಆಂಬುಲೆನ್ಸ್, ಮಾರ್ಷಲ್, ಜಲ್ಲಿ ಹರಡಿದ ಅಂಚು ಎಲ್ಲವೂ ಇರುತ್ತವೆ. ಹೆದ್ದಾರಿಯಲ್ಲಿ ಇರುವುದು ಸಿಮೆಂಟಿನ ಡಿವೈಡರ್ ಮತ್ತು ಪಕ್ಕದಲ್ಲಿ ಕಂಟೇನರ್ ಲಾರಿ.

ಆದ್ದರಿಂದ ಟ್ರ್ಯಾಕ್‌ನ ಗೇಟ್ ದಾಟುವ ಮುನ್ನ ಟೈರ್‌ಗಳನ್ನು ತಣಿಸಿ, ಕಾರು ತಯಾರಕರು ಪೂರ್ಣ ಭಾರಕ್ಕೆ ಹೇಳಿರುವ ಒತ್ತಡಕ್ಕೆ ತುಂಬಿಸಬೇಕು. ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ನಿಧಾನವಾದರೂ ಈ ಕೆಲಸಕ್ಕೆ ಸಾಕು. ಕಾಯುವ ಹೊತ್ತಿನಲ್ಲಿ ನಾಲ್ಕೂ ಟೈರ್‌ಗಳ ಒಳ ಸೈಡ್‌ವಾಲನ್ನು ಟಾರ್ಚ್ ಬಿಟ್ಟು ನೋಡಿ, ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ಪರೀಕ್ಷಿಸಿ.

ಕೊನೆಯ ಹಂತ: ಇಡುವುದು, ಬಿಡುವುದು

ಟ್ರ್ಯಾಕ್‌ಗೆಂದೇ ಬೇರೆ ಚಕ್ರಗಳಿದ್ದರೆ, ತೊಳೆದು ಒಣಗಿಸಿ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೀಲದೊಳಗಿನ ಗಾಳಿ ತೆಗೆದು ಕಟ್ಟಿ, ಬಿಸಿಲು ಬೀಳದ ತಂಪಾದ ಕೋಣೆಯಲ್ಲಿ ಇಡಬೇಕು. ಬಾವಿ ಮೋಟಾರ್, ಯುಪಿಎಸ್, ವೆಲ್ಡಿಂಗ್ ಯಂತ್ರಗಳ ಹತ್ತಿರ ಬೇಡ, ಕಿಡಿಯಿಂದ ಓಝೋನ್ ಹುಟ್ಟುತ್ತದೆ. ಮೇಲ್ಛಾವಣಿಯ ಶೀಟಿನ ಕೆಳಗಿನ ಅಟ್ಟ ಎಲ್ಲಕ್ಕಿಂತ ಕೆಟ್ಟ ಜಾಗ. ಟೈರ್ ಹೊಳಪಿಗೆಂದು ಮಾರುವ ಎಣ್ಣೆಯಂಥ ದ್ರವಗಳನ್ನು ಬಳಿಯುವ ಅಗತ್ಯವಿಲ್ಲ.

ವಯಸ್ಸಾದ ಟೈರನ್ನು ಗುಜರಿಗೆ ಹಾಕುವ ಮುನ್ನ ಅದನ್ನು ಬಳಸಲಾಗದಂತೆ ಮಾಡಬೇಕು. ಇಲ್ಲವಾದರೆ ಅದು ಬಣ್ಣ ಬಳಿಸಿಕೊಂಡು ಸೆಕೆಂಡ್‌ಹ್ಯಾಂಡ್ ಟೈರ್ ಅಂಗಡಿಯ ಮುಂದೆ ನೇತಾಡಿ, ಯಾವುದೋ ಬಾಡಿಗೆ ಕಾರಿನ ಚಕ್ರಕ್ಕೆ ಸೇರುತ್ತದೆ. ನನ್ನ ಆ ಸ್ಟೆಪ್ನಿಯನ್ನು ಬೆಂಗಳೂರಿಗೆ ತಂದು, ಸೈಡ್‌ವಾಲ್‌ಗೆ ಡ್ರಿಲ್‌ನಿಂದ ನಾಲ್ಕು ತೂತು ಹೊಡೆದು ಗುಜರಿ ಅಂಗಡಿಗೆ ಒಯ್ದೆ. ಅಂಗಡಿಯವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಉಬ್ಬಿದ ಭಾಗವನ್ನು ಗಮನಿಸದೆ, ಟ್ರೆಡ್ ಮೇಲೆ ಹೆಬ್ಬೆರಳಾಡಿಸಿ, ಬೇಜಾರಿನಿಂದ ಹೇಳಿದರು: “ಹೊಸಾ ಟೈರು ಸಾರ್ ಇದು, ಹಿಂಗ್ಯಾಕ್ ಹಾಳ್ ಮಾಡ್ಬಿಟ್ರಿ?”